ಕಿಟ್ ಲೆನ್ಸ್ ಆಯ್ತು, ಮುಂದೆ ಯಾವುದು? ಮಲೆನಾಡಿನಲ್ಲಿ ಫೋಟೊ ತೆಗೆಯುವವರಿಗೆ ಲೆನ್ಸ್ ಆಯ್ಕೆ

ಅಕ್ಕನ ಮಗ ಕೆಲಸಕ್ಕೆ ಸೇರಿದ ವರ್ಷವೇ ಕ್ಯಾಮೆರಾ ತಗೊಂಡ. ಜೊತೆಗೆ ಬಂದದ್ದು 18-55 ಎಂಎಂ ಕಿಟ್ ಲೆನ್ಸ್. ಆರು ತಿಂಗಳಾಗುವಷ್ಟರಲ್ಲಿ ಫೋನ್ ಮಾಡಿದ. "ಮಾವ, ಇನ್ನೊಂದು ಲೆನ್ಸಿಗೆ ದುಡ್ಡು ಕೂಡಿಟ್ಟಿದೀನಿ. ಟೆಲಿ ತಗೊಳ್ಳಲಾ, ಮ್ಯಾಕ್ರೋ ತಗೊಳ್ಳಲಾ, ಇಲ್ಲಾ ಎಲ್ಲರೂ ಹೇಳೋ 50 ಎಂಎಂ ತಗೊಳ್ಳಲಾ?" ಟೆಲಿ ಅಂದರೆ ದೂರದ್ದನ್ನು ಹತ್ತಿರ ಎಳೆಯುವ ಲೆನ್ಸ್, ಮ್ಯಾಕ್ರೋ ಅಂದರೆ ಸಣ್ಣದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ಲೆನ್ಸ್.

ಶಿವಮೊಗ್ಗದಲ್ಲಿ ನಾವು ಏಳೆಂಟು ಜನ ಭಾನುವಾರ ಸಂಜೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಇನ್ನೊಬ್ಬರದು ಹೊಸನಗರದ ಕಡೆ ಅಡಿಕೆ ತೋಟ, ಮತ್ತೊಬ್ಬರು ಬ್ಯಾಂಕಿನಲ್ಲಿದ್ದಾರೆ. ಪ್ರತಿಯೊಬ್ಬರೂ ಐದು ಫೋಟೊ ತರಬೇಕು. ಟಿವಿಗೆ ಹಾಕಿ ನೋಡುತ್ತೇವೆ. ಶಟರ್ ಸ್ಪೀಡ್ (ಬೆಳಕು ಎಷ್ಟು ಹೊತ್ತು ಬಿತ್ತು), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಷ್ಟಿತ್ತು ಅಂತ ಹೇಳಬೇಕು. ಚೆನ್ನಾಗಿಲ್ಲದಿದ್ದರೆ ಯಾಕೆ ಚೆನ್ನಾಗಿಲ್ಲ ಅಂತಲೂ ಮಾತಾಗುತ್ತದೆ. ಅಲ್ಲೂ ಮಳೆಗಾಲ ಹತ್ತಿರ ಬಂತೆಂದರೆ ಇದೇ ಪ್ರಶ್ನೆ. ಅಕ್ಕನ ಮಗನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಲೆನ್ಸ್ ಬಗ್ಗೆ ನಾವು ಓದುವ, ನೋಡುವ ಸಲಹೆಗಳಲ್ಲಿ ಹೆಚ್ಚಿನವು ಒಳ್ಳೆಯ ಬಿಸಿಲಿರುವ ಊರಿನವು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕಿಗೇ ಬರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚು ಪಾಲು ಈ ನಾಲ್ಕು ತಿಂಗಳಲ್ಲೇ. ಮಧ್ಯಾಹ್ನ ಮೂರಕ್ಕೇ ಕಾಡಿನೊಳಗೆ ದೀಪ ಹಚ್ಚುವ ಹೊತ್ತು ಅನ್ನಿಸುತ್ತದೆ. ಹಾಗಾಗಿ ಲೆನ್ಸ್ ಎಷ್ಟು ದೂರ ಎಳೆಯುತ್ತದೆ ಅನ್ನುವುದಕ್ಕಿಂತ ಮೊದಲು ಎರಡು ವಿಷಯ ನೋಡಬೇಕು. ಅದು ಎಷ್ಟು ಬೆಳಕು ಒಳಗೆ ಬಿಡುತ್ತದೆ? ನಮ್ಮ ಥಂಡಿಯಲ್ಲಿ ಅದನ್ನು ಹಾಳಾಗದ ಹಾಗೆ ಇಟ್ಟುಕೊಳ್ಳಲು ನಮ್ಮಿಂದ ಆಗುತ್ತದಾ?

ಮೊದಲು ಹಳೇ ಫೋಟೊ ತೆಗೆದು ನೋಡಿ

ಅಂಗಡಿಗೆ ಹೋಗುವ ಮುಂಚೆ ಒಂದು ಸಂಜೆ ಕೂತು ಕಂಪ್ಯೂಟರಿನಲ್ಲಿರುವ ನಿಮ್ಮ ಕೊನೆಯ ಐನೂರು ಫೋಟೊ ನೋಡಿ. ಪ್ರತಿ ಫೋಟೊದ ವಿವರದಲ್ಲಿ ಫೋಕಲ್ ಲೆಂಗ್ತ್, ಅಂದರೆ ಲೆನ್ಸನ್ನು ಎಷ್ಟು ಎಂಎಂಗೆ ಎಳೆದಿದ್ದಿರಿ ಅನ್ನುವುದು ಬರೆದಿರುತ್ತದೆ. 18ರಲ್ಲಿ ಎಷ್ಟು, 35ರ ಹತ್ತಿರ ಎಷ್ಟು, 55ರಲ್ಲಿ ಎಷ್ಟು ಅಂತ ಒಂದು ಚೀಟಿಯಲ್ಲಿ ಗೀಟು ಹಾಕಿಕೊಳ್ಳಿ. ಹೆಚ್ಚಿನವು 18ರಲ್ಲಿದ್ದರೆ ನಿಮ್ಮ ಮನಸ್ಸು ಬಯಲು, ಬೆಟ್ಟ, ದೇವಸ್ಥಾನದ ಕಡೆ ಇದೆ. 55ರಲ್ಲೇ ತುಂಬಿದ್ದರೆ ಟೆಲಿ ಬೇಕು ಅಂತ ಹೇಳುವವರು ಬಹಳ. ನಾನು ಅಷ್ಟು ಬೇಗ ಹೇಳುವುದಿಲ್ಲ. 55ರ ಫೋಟೊಗಳಲ್ಲಿ ಇರುವುದು ಹಕ್ಕಿಯಾ, ಮನುಷ್ಯರಾ ನೋಡಿ. ಸಂತೆಯಲ್ಲಿ, ಜಾತ್ರೆಯಲ್ಲಿ ತೆಗೆದ ಫೋಟೊ ಎಲ್ಲವೂ 55ರಲ್ಲಿದ್ದರೆ ಜನರ ಹತ್ತಿರ ಹೋಗಲು ಸಂಕೋಚ ಪಟ್ಟಿದ್ದೀರಿ ಅಂತ ಅರ್ಥ. ಆ ಸಂಕೋಚಕ್ಕೆ ಟೆಲಿ ಲೆನ್ಸ್ ಮದ್ದಲ್ಲ. ಎರಡು ಮಾತಾಡಿ, ಅನುಮತಿ ಕೇಳಿ, ಹತ್ತಿರ ನಿಂತರೆ ಅದೇ ಕಿಟ್ ಲೆನ್ಸ್ ಬೇರೆಯದೇ ಫೋಟೊ ಕೊಡುತ್ತದೆ.

ಟೆಲಿ ಜೂಮ್: ಹಕ್ಕಿಗೂ ಹೌದು, ಗುಡ್ಡಕ್ಕೂ ಹೌದು

ಇಲ್ಲಿ ಎರಡು ಜಾತಿ ಇದೆ. 55-250 ಅಥವಾ 70-300 ಎಂಎಂನ ಹಗುರ ಲೆನ್ಸುಗಳು ಒಂದು ಕಡೆ. 150-600ರಂಥ, ಸುಮಾರು ಎರಡು ಕಿಲೋ ತೂಗುವ ದೊಡ್ಡ ಲೆನ್ಸುಗಳು ಇನ್ನೊಂದು ಕಡೆ.

ಹಗುರ ಲೆನ್ಸಿಗೆ ತಕ್ಕ ಜಾಗ ನಮ್ಮ ಮಂಡಗದ್ದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ದಡದಿಂದಲೇ ಕಾಣುತ್ತವೆ. ಹಕ್ಕಿ ದೊಡ್ಡದು, ಮೇಲೆ ತೆರೆದ ಆಕಾಶ. ಹಾಗಾಗಿ 250 ಎಂಎಂ ಸಾಕಾಗುತ್ತದೆ. ಸೊರಬ ತಾಲೂಕಿನ ಗುಡವಿಯೂ ಇದೇ ತರಹ. ಒಂದು ಕಿವಿಮಾತು: ಕಪ್ಪು ಹಸಿರಿನ ಮುಂದೆ ಕೂತ ಬೆಳ್ಳಕ್ಕಿಯನ್ನು ಕ್ಯಾಮೆರಾ ತನ್ನ ಲೆಕ್ಕಕ್ಕೆ ಬಿಟ್ಟರೆ ಸುಣ್ಣದ ಮುದ್ದೆಯ ಹಾಗೆ ಬೆಳ್ಳಗೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಅನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ ಕಡಿಮೆ ಮಾಡಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ರೆಕ್ಕೆಯ ಗರಿಗಳು ಒಂದೊಂದಾಗಿ ಕಾಣುತ್ತವೆ.

ಅದೇ ಲೆನ್ಸ್ ಹಿಡಿದು ಜುಲೈನಲ್ಲಿ ಆಗುಂಬೆಯ ಕಾಡಿಗೆ ಹೋದರೆ ಕಥೆ ಬೇರೆ. ಉದ್ದಕ್ಕೆ ಎಳೆದಾಗ ಅದರ ಅಪರ್ಚರ್ ಎಫ್ 5.6 ಅಥವಾ 6.3 (ಎಫ್ ಅಂಕಿ ದೊಡ್ಡದಾದಷ್ಟು ಬೆಳಕು ಕಡಿಮೆ). ಮರದ ಕೆಳಗಿನ ಮಬ್ಬಿನಲ್ಲಿ ಐಎಸ್‌ಒ 3200 ಇಟ್ಟರೂ ಶಟರ್ ಸ್ಪೀಡ್ 1/60 ಸೆಕೆಂಡಿನ ಹತ್ತಿರ ಬಂದು ನಿಲ್ಲುತ್ತದೆ. 300 ಎಂಎಂ ಅನ್ನು ಕೈಯಲ್ಲಿ ಹಿಡಿದು ಅಲುಗಾಡದ ಫೋಟೊ ಬೇಕೆಂದರೆ ಹಳೇ ಲೆಕ್ಕದ ಪ್ರಕಾರ, ಚಿಕ್ಕ ಸೆನ್ಸರ್ ಕ್ಯಾಮೆರಾದಲ್ಲಿ, 1/500ರ ಸುತ್ತ ಇರಬೇಕು. ಸ್ಟೆಬಿಲೈಸೇಶನ್ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ. ಹಕ್ಕಿಯ ಕತ್ತು ತಿರುಗುವುದನ್ನು ತಡೆಯುವುದಿಲ್ಲ. ಕಾಕರಣೆ ಹಕ್ಕಿ ಬಹಳ ಹೊತ್ತು ಸುಮ್ನೆ ಒಂದೇ ಕೊಂಬೆ ಮೇಲೆ ಕೂರುತ್ತದೆ, ಅದನ್ನು ಈ ಸ್ಪೀಡಿನಲ್ಲೂ ಹಿಡಿಯಬಹುದು. ಎಲೆಯಿಂದ ಎಲೆಗೆ ಹಾರುವ ಸಣ್ಣ ಹಕ್ಕಿಗಳ ಆಸೆಯನ್ನು ನವೆಂಬರ್‌ವರೆಗೆ ಬಿಡಿ.

600 ಎಂಎಂನ ದೊಡ್ಡ ಲೆನ್ಸನ್ನು ಎರಡನೇ ಲೆನ್ಸಾಗಿ ಯಾರಿಗೂ ನಾನು ಹೇಳುವುದಿಲ್ಲ. ಅದೂ ಎಫ್ 6.3ರದ್ದೇ, ಮಬ್ಬಿನ ಸಮಸ್ಯೆ ಹಾಗೇ ಉಳಿಯುತ್ತದೆ. ಜಾರುವ ಕಾಲುದಾರಿ, ಇಂಬಳ, ಹೆಗಲ ಮೇಲೆ ಎರಡು ಕಿಲೋ ಭಾರ. ಒಂದು ವರ್ಷ ಹಕ್ಕಿಯ ಹಿಂದೆ ಬಿದ್ದು, ಹುಚ್ಚು ಇಳಿದಿಲ್ಲ ಅಂತ ಖಾತ್ರಿಯಾದ ಮೇಲೆ ತಗೊಂಡರೆ ದುಡ್ಡಿಗೆ ನ್ಯಾಯ.

ಟೆಲಿಯ ಇನ್ನೊಂದು ಉಪಯೋಗವನ್ನು ಬಹಳ ಜನ ಮರೆಯುತ್ತಾರೆ. ಕುಂದಾದ್ರಿಯ ಮೇಲೆ ಬೆಳಗಿನ ಜಾವ ನಿಂತರೆ ಗುಡ್ಡದ ಹಿಂದೆ ಗುಡ್ಡ, ನಡುವೆ ಮಂಜು. 18 ಎಂಎಂನಲ್ಲಿ ತೆಗೆದರೆ ಗುಡ್ಡಗಳು ಗೆರೆಯಷ್ಟಾಗಿ, ಮುಕ್ಕಾಲು ಫೋಟೊ ಬರೀ ಬಿಳಿ ಆಕಾಶವಾಗುತ್ತದೆ. 150ರಿಂದ 200 ಎಂಎಂನಲ್ಲಿ ತೆಗೆದು ನೋಡಿ. ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡು ಬರುತ್ತವೆ. ಹತ್ತಿರದ್ದು ಕಡುಹಸಿರು, ಅದರ ಹಿಂದಿನದು ನೀಲಿ, ಕೊನೆಯದು ಬೂದಿ. ನನ್ನ ಮಲೆನಾಡಿನ ಬೆಟ್ಟದ ಫೋಟೊಗಳಲ್ಲಿ ಗೋಡೆಗೆ ಹಾಕಿದ್ದೆಲ್ಲ ಟೆಲಿಯವೇ.

ತಗೊಳ್ಳುವಾಗ ಹೆಸರಿನಲ್ಲಿ ಐಎಸ್, ವಿಆರ್, ಓಎಸ್ಎಸ್ ಅಥವಾ ವಿಸಿ ಅನ್ನುವ ಅಕ್ಷರ ಇದೆಯಾ ನೋಡಿ. ಕಂಪನಿಗೊಂದು ಹೆಸರು, ಎಲ್ಲವೂ ಸ್ಟೆಬಿಲೈಸೇಶನ್ನೇ. ಕ್ಯಾಮೆರಾದೊಳಗೆ ಆ ಸೌಲಭ್ಯ ಇಲ್ಲದಿದ್ದರೆ ಇದು ಇಲ್ಲದ ಟೆಲಿ ನಮ್ಮ ಬೆಳಕಿಗೆ ಆಗುವುದಿಲ್ಲ.

ಮ್ಯಾಕ್ರೋ: ಮಳೆಗಾಲದ ಲೆನ್ಸ್

ಮಳೆ ಹೊಯ್ಯುವಾಗ ದೂರದ್ದು ಏನೂ ಕಾಣುವುದಿಲ್ಲ. ಹತ್ತಿರದ್ದು ಎಲ್ಲವೂ ಜೀವ ತಳೆಯುತ್ತದೆ. ಕೆಸುವಿನ ಎಲೆಯ ಮೇಲೆ ಪಾದರಸದ ಹಾಗೆ ಉರುಳುವ ಹನಿ, ಕೊಳೆತ ಕಟ್ಟಿಗೆಯ ಮೇಲೆ ರಾತ್ರಿ ಬೆಳಗಾಗುವುದರಲ್ಲಿ ಎದ್ದ ಅಣಬೆ, ಮಳೆಗಾಲದ ಹೊಸ್ತಿಲಲ್ಲಿ ಮರಕ್ಕೆ ಜೋತುಬಿದ್ದ ಸೀತಾಳೆ ದಂಡೆ. ಇದಕ್ಕೆ ಪೆಟ್ರೋಲ್ ಖರ್ಚಿಲ್ಲ. ಹಿತ್ತಲೇ ಸಾಕು.

ಕಳೆದ ಜುಲೈನಲ್ಲಿ ನಮ್ಮ ಗೆಳೆಯರ ಹೊಸನಗರದ ತೋಟದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಕೆರೆಯ ಅಂಚಿಗೆ ಹೋದೆವು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಮುಷ್ಟಿ ಗಾತ್ರದ ನೊರೆ. ಮಜ್ಜಿಗೆ ಕಡೆದಾಗ ಬರುತ್ತದಲ್ಲ, ಹಾಗೆ. ಪಕ್ಕದ ಎಲೆಗೆ ಅಂಟಿಕೊಂಡು ಹಾರುವ ಕಪ್ಪೆ ಕೂತಿತ್ತು. ಹಸಿರು ಮೈ, ಬೆರಳುಗಳ ನಡುವೆ ಕೆಂಪು ಜಾಲ. ಹೆಣ್ಣು ಹಿಂಗಾಲಿನಿಂದ ಬಡಿದು ಬಡಿದು ಆ ನೊರೆ ಮಾಡಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ. ನಾವು ನಾಲ್ಕೇ ಫೋಟೊ ತೆಗೆದು ಟಾರ್ಚ್ ಆರಿಸಿ ಬಂದೆವು. 1/160 ಸೆಕೆಂಡ್, ಎಫ್ 11, ಐಎಸ್‌ಒ 200, ಜೊತೆಗೆ ಫ್ಲ್ಯಾಶ್. ಕಗ್ಗತ್ತಲಲ್ಲಿ ತೆಗೆದ ಆ ಫೋಟೊದಲ್ಲಿ ಕಪ್ಪೆಯ ಕಣ್ಣಿನ ಸುತ್ತಲ ಚರ್ಮದ ಗಂಟುಗಳೂ ಕಾಣುತ್ತವೆ.

ಮ್ಯಾಕ್ರೋ ನಮ್ಮ ಊರಿಗೆ ಹೊಂದುವುದು ಇದಕ್ಕೇ. ಬೆಳಕನ್ನು ನೀವೇ ಕೊಂಡೊಯ್ಯುತ್ತೀರಿ. ಆಕಾಶ ಹೇಗಿದ್ದರೂ ನಡೆಯುತ್ತದೆ. ಆದರೆ ಫ್ಲ್ಯಾಶನ್ನು ನೇರ ಹೊಡೆದರೆ ಒದ್ದೆ ಮೈ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಟಿವಿ ಪೆಟ್ಟಿಗೆಯೊಳಗೆ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಫ್ಲ್ಯಾಶಿನ ಮುಂದೆ ಕಮಾನಿನ ಹಾಗೆ ಬಗ್ಗಿಸಿ ಕಟ್ಟಿ. ನಾನು ಈಗಲೂ ಅದನ್ನೇ ಬಳಸುವುದು.

ಕಷ್ಟವೂ ಇದೆ. ವಸ್ತುವಿನ ನಿಜ ಗಾತ್ರದಲ್ಲಿ, ಅಂದರೆ ಒಂದಕ್ಕೆ ಒಂದರಲ್ಲಿ ತೆಗೆದಾಗ ಎಫ್ 11 ಇಟ್ಟರೂ ಫೋಕಸ್ ಇರುವ ಪಟ್ಟಿ ಒಂದು ಮಿಲಿಮೀಟರಿಗೂ ಕಡಿಮೆ. ಇರುವೆಯ ಕಣ್ಣು ಸಿಕ್ಕರೆ ಕಾಲು ಮಸುಕು. ಆಟೋಫೋಕಸ್ ಆರಿಸಿ, ಉಸಿರು ಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಒತ್ತಬೇಕು. ಹತ್ತಕ್ಕೆ ಎರಡು ಚೆನ್ನಾಗಿ ಬಂದರೆ ಅದೇ ಒಳ್ಳೆಯ ದಿನ.

ಅಳತೆಯ ಬಗ್ಗೆ ಹೇಳುವುದಾದರೆ 60 ಎಂಎಂ ಮ್ಯಾಕ್ರೋಗಿಂತ 90ರಿಂದ 105 ಎಂಎಂನದ್ದೇ ಮೇಲು. 60ರಲ್ಲಿ ತೀರಾ ಮೂಗಿನ ಹತ್ತಿರ ಹೋಗಬೇಕಾಗುತ್ತದೆ, ಹುಳ ಹಾರಿಹೋಗುತ್ತದೆ. ಇನ್ನು ಕೊಂಬೆಗೆ ಸುತ್ತಿಕೊಂಡು ಗಂಟೆಗಟ್ಟಲೆ ಅಲುಗಾಡದೆ ಕೂರುವ ಗುಳಿಮಂಡಲ ಸಿಕ್ಕರೆ ಯಾವ ಮ್ಯಾಕ್ರೋವನ್ನೂ ಹೊರಗೆ ತೆಗೆಯಬೇಡಿ. ಅದು ವಿಷದ ಹಾವು. ಸುಮ್ಮನಿದೆ ಅಂತ ಹತ್ತಿರ ಹೋಗುವಂತಿಲ್ಲ. ಎರಡು ಮೀಟರ್ ದೂರ ನಿಂತು ಟೆಲಿಯಲ್ಲಿ ತೆಗೆಯಿರಿ.

ದುಡ್ಡು ಕಡಿಮೆ ಇದ್ದರೆ

ನಿಜವಾದ ಮ್ಯಾಕ್ರೋ ಲೆನ್ಸಿಗೆ 50 ಎಂಎಂನ ಹಲವು ಪಟ್ಟು ಬೆಲೆ. ಅದಿಲ್ಲದೆಯೂ ದಾರಿಗಳಿವೆ.

ಕಿಟ್ ಲೆನ್ಸನ್ನು ತಿರುಗಿಸಿ ಹಾಕುವ ರಿವರ್ಸ್ ರಿಂಗ್ ಎಲ್ಲಕ್ಕಿಂತ ಅಗ್ಗ. ಆದರೆ ಬಹುತೇಕ ಲೆನ್ಸುಗಳಲ್ಲಿ ಅಪರ್ಚರ್ ಹತೋಟಿಗೆ ಸಿಗುವುದಿಲ್ಲ, ಲೆನ್ಸಿನ ಹಿಂಭಾಗ ಮಳೆಗೆ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಬೇಡ. ಎಕ್ಸ್‌ಟೆನ್ಶನ್ ಟ್ಯೂಬ್ ಒಳಗೆ ಗಾಜಿಲ್ಲದ ಬರೀ ಕೊಳವೆ, ಲೆನ್ಸನ್ನು ಕ್ಯಾಮೆರಾದಿಂದ ದೂರ ಮಾಡುತ್ತದೆ ಅಷ್ಟೆ. ತಗೊಂಡರೆ ಲೋಹದ ಕಾಂಟ್ಯಾಕ್ಟ್ ಇರುವುದನ್ನೇ ತಗೊಳ್ಳಿ. ಅದನ್ನು ಹಾಕಲು, ತೆಗೆಯಲು ಪ್ರತಿ ಸಲ ಕ್ಯಾಮೆರಾ ಬಾಯಿ ತೆರೆಯಬೇಕು, ಅದೊಂದೇ ತಕರಾರು.

ನನಗೆ ಮನಸ್ಸಿಗೆ ಬಂದದ್ದು ಮೂರನೆಯದು. ಟೆಲಿ ಜೂಮಿನ ಮುಂದೆ ಚಿಮಟದ ಹಾಗೆ ಕಚ್ಚಿಸುವ ಕ್ಲೋಸ್‌ಅಪ್ ಲೆನ್ಸ್. ರೇನಾಕ್ಸ್ ಕಂಪನಿಯ ಡಿಸಿಆರ್-150 ಮತ್ತು ಡಿಸಿಆರ್-250 ಹೆಸರಾದವು. ಮೊದಲನೆಯದು 4.8 ಡಯಾಪ್ಟರ್ (ದೊಡ್ಡದು ಮಾಡುವ ಶಕ್ತಿಯ ಅಳತೆ), ಎರಡನೆಯದು 8. ನಿಮ್ಮ 55-250ರ ಮುಂದೆ ಡಿಸಿಆರ್-150 ಹಾಕಿ ಪೂರ್ತಿ ಎಳೆದರೆ ನಿಜ ಗಾತ್ರಕ್ಕಿಂತ ಸ್ವಲ್ಪ ಜಾಸ್ತಿಯೇ ದೊಡ್ಡದಾಗಿ ಬರುತ್ತದೆ. ಹುಳಕ್ಕೂ ನಿಮಗೂ ನಡುವೆ ಒಂದು ಗೇಣಿನಷ್ಟು ಜಾಗವೂ ಉಳಿಯುತ್ತದೆ. ಡಿಸಿಆರ್-250 ಹಾಕಿದರೆ ಎರಡು ಪಟ್ಟು, ಆದರೆ ಕಲಿಯುವವರಿಗೆ ಅದು ಕಷ್ಟ. ಬೇಕಾದಾಗ ಕಚ್ಚಿಸಿ, ಬೇಡವಾದಾಗ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಮಳೆಯಲ್ಲಿ ಲೆನ್ಸ್ ಬಿಚ್ಚುವ ಪ್ರಮೇಯವೇ ಇಲ್ಲ. ಮುಂಜಾನೆ ಬೆಳ್ಳಕ್ಕಿ, ಸಂಜೆ ಕಪ್ಪೆ, ಎರಡೂ ಒಂದೇ ಲೆನ್ಸಿನಲ್ಲಿ.

50 ಎಂಎಂ: ಮನೆಯೊಳಗಿನ ಬೆಳಕಿಗೆ

ಎಫ್ 1.8ರ 50 ಎಂಎಂ ಸಣ್ಣದು, ಹಗುರ, ಅಗ್ಗ. ಎಫ್ 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸ್ 1/20 ಸೆಕೆಂಡಿನಲ್ಲಿ ಒದ್ದಾಡುವ ಕಡೆ ಇದು 1/200ರಲ್ಲಿ ಕೆಲಸ ಮುಗಿಸುತ್ತದೆ.

ಕಾಡು, ಹಕ್ಕಿಗೆ ಇದು ಬಾರದು. ಆದರೆ ಮಲೆನಾಡು ಅಂದರೆ ಕಾಡೊಂದೇ ಅಲ್ವಲ್ಲ. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಅಂಗಳದ ಚಪ್ಪರದಡಿ ಹತ್ತಾರು ಜನ ಕೂತು ಅಡಿಕೆ ಸುಲಿಯುತ್ತಾರೆ. ಮೇಲೆ ಒಂದೋ ಎರಡೋ ಬಲ್ಬು. ಕತ್ತಿಯ ಅಲಗು, ಕೈಯ ವೇಗ, ಮಾತಿನ ನಡುವಿನ ನಗು. ಅದಕ್ಕೆ ಫ್ಲ್ಯಾಶ್ ಹೊಡೆದರೆ ಎಲ್ಲ ಕೆಟ್ಟಿತು. 50 ಎಂಎಂ ಹಾಕಿ, ಎಫ್ 2.2 ಇಟ್ಟು, ಬಲ್ಬಿನ ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳುವಂತೆ ಕೂತು ಕಾಯಿರಿ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರನ್ನು ಆ ದೀಪದ ಬೆಳಕಿನಲ್ಲೇ ತೆಗೆಯಲು ನನ್ನ ಚೀಲದಲ್ಲಿ ಬೇರೆ ಲೆನ್ಸಿಲ್ಲ. ಮನೆಯೊಳಗೆ ಜಾಗ ಕಿರಿದಾದರೆ 35 ಎಂಎಂ ಇನ್ನೂ ಅನುಕೂಲ.

ನಿಕಾನ್‌ನ 3000 ಮತ್ತು 5000 ಸರಣಿಯ ಡಿಎಸ್ಎಲ್ಆರ್ ಇರುವವರು ಒಂದು ಗಮನಿಸಿ. ಆ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಹಳೆಯ 50 ಎಂಎಂ 1.8 ಡಿ ಹಾಕಿದರೆ ಆಟೋಫೋಕಸ್ ಆಗುವುದಿಲ್ಲ. 1.8 ಜಿ ಅನ್ನುವುದನ್ನೇ ಕೇಳಿ.

ವೈಡ್ ಲೆನ್ಸ್ ಸದ್ಯಕ್ಕೆ ಬೇಡ

ಜೋಗದ 253 ಮೀಟರ್ ಧುಮುಕನ್ನು ಎದುರಿನ ವ್ಯೂಪಾಯಿಂಟ್‌ನಿಂದ ಪೂರ್ತಿ ಹಿಡಿಯಲು ಕಿಟ್ ಲೆನ್ಸಿನ 18 ಎಂಎಂ ಸಾಕು. ಇನ್ನೂ ಅಗಲ ಹಿಡಿಯುವ ವೈಡ್ ಲೆನ್ಸಿಗೆ ಹಾಕುವ ದುಡ್ಡಿಗೆ ಗಟ್ಟಿ ಟ್ರೈಪಾಡ್ ಮತ್ತು ಪೋಲರೈಜರ್ ಫಿಲ್ಟರ್ ತಗೊಳ್ಳಿ. ಒದ್ದೆ ಎಲೆ, ಒದ್ದೆ ಬಂಡೆಯ ಬಿಳಿ ಹೊಳಪನ್ನು ಫಿಲ್ಟರ್ ತೆಗೆಯುತ್ತದೆ, ಒಳಗಿನ ಹಸಿರು ಹೊರಗೆ ಬರುತ್ತದೆ. ಜೊತೆಗೆ ಒಂದೂವರೆ ಎರಡು ಸ್ಟಾಪ್ ಬೆಳಕನ್ನೂ ತಿನ್ನುವುದರಿಂದ ಅರ್ಧ ಸೆಕೆಂಡಿನ ಶಟರ್ ಸುಲಭವಾಗಿ ಸಿಗುತ್ತದೆ. ತೊರೆಯ ನೀರು ಹಾಲಿನ ಎಳೆಯಾಗುವುದು ಆ ಹೊತ್ತಿನಲ್ಲಿ. ಇಕ್ಕೇರಿ, ಬಳ್ಳಿಗಾವಿಯ ದೇವಸ್ಥಾನಗಳ ಒಳಭಾಗವನ್ನೇ ಹಚ್ಚಿಕೊಂಡವರಿಗೆ ಮಾತ್ರ 10-18ರಂಥದ್ದು ನಿಜಕ್ಕೂ ಬೇಕಾಗುತ್ತದೆ.

ಯಾವುದೇ ತಗೊಳ್ಳಿ, ಮೊದಲು ಡಬ್ಬಿ

ನನ್ನ ಮೊದಲ ಟೆಲಿ ಲೆನ್ಸನ್ನು ಒಂದು ಜೂನ್‌ನಲ್ಲಿ ಕ್ಯಾಮೆರಾ ಚೀಲದೊಳಗೆ ಹಾಕಿ ಗೋಡೆಬೀರುವಿನಲ್ಲಿ ಇಟ್ಟೆ. ಆ ವರ್ಷ ಮಳೆ ಬಿಡಲೇ ಇಲ್ಲ, ತೆಗೆಯಲೂ ಇಲ್ಲ. ಸೆಪ್ಟೆಂಬರಿನಲ್ಲಿ ಕಿಟಕಿಗೆ ಹಿಡಿದು ನೋಡಿದರೆ ಒಳಗಿನ ಗಾಜಿನ ಅಂಚಿನಿಂದ ನಡುವಿಗೆ ಜೇಡರ ಬಲೆಯಂಥ ಸಣ್ಣ ಎಳೆಗಳು. ಫಂಗಸ್. ರಿಪೇರಿಗೆ ಕೊಟ್ಟೆ, ಎಳೆ ಹೋಯಿತು. ಆದರೆ ಅದು ಗಾಜಿನ ಕೋಟಿಂಗನ್ನು ತಿಂದ ಗುರುತು ಉಳಿಯಿತು. ಬೆಳಕಿಗೆ ಎದುರಾಗಿ ತೆಗೆದಾಗೆಲ್ಲ ಫೋಟೊದ ಮೇಲೆ ಮಸುಕು ಪೊರೆ.

ಗಾಳಿಯ ತೇವ ಶೇಕಡ 60 ದಾಟಿದರೆ ಫಂಗಸ್ ಬೆಳೆಯಲು ಹದ. ನಮ್ಮ ಮನೆಯ ಮೀಟರು ಜುಲೈನಲ್ಲಿ 90ರ ಆಸುಪಾಸು ತೋರಿಸುತ್ತದೆ. ಚೀಲದ ಬಟ್ಟೆ, ಫೋಮು, ಚರ್ಮ ಎಲ್ಲ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಲೆನ್ಸನ್ನು ಚೀಲದಲ್ಲಿ ಇಡಬೇಡಿ. ಅಡುಗೆಮನೆಗೆ ತರುವ, ರಬ್ಬರ್ ಅಂಚಿನ ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್ ಮತ್ತು ಒಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ನಿಲ್ಲಬೇಕು. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ತೇವ ತುಂಬಿದೆ ಅಂತ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಿಸಿ ಮಾಡಿ, ಬಣ್ಣ ವಾಪಸ್ ಬಂದ ಮೇಲೆ ಆರಿಸಿ ಹಾಕಿ. ಅಕ್ಕಿಯೊಳಗೆ ಹೂತಿಡುವುದು ಬೇಡ, ಅದರ ಪುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ನುಸಿಗುಳಿಗೆಯೂ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಹೊಗೆಯ ಜಿಡ್ಡು ಅಂಟುತ್ತದೆ. ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸಿ. ಡಬ್ಬಿಗಿಂತ ಒಳ್ಳೆಯ ಔಷಧಿ ಅದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮಳೆ ಸೀಮೆಯ ಲೆನ್ಸನ್ನು ಇನ್ನೂ ಹುಷಾರಾಗಿ ನೋಡಬೇಕು. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕು ಕಣ ಧೂಳಿದ್ದರೆ ತೊಂದರೆಯಿಲ್ಲ. ಕವಲೊಡೆದ ಎಳೆ ಕಂಡರೆ ಎಷ್ಟು ಅಗ್ಗವಾದರೂ ವಾಪಸ್ ಕೊಡಿ.

ಅಕ್ಕನ ಮಗ ಕೊನೆಗೆ ಬ್ಯಾಂಕಿನ ಗೆಳೆಯರ ಹಳೇ 55-250 ತಗೊಂಡ. ಟಾರ್ಚ್ ಬಿಟ್ಟು ನೋಡಿಯೇ ತಗೊಂಡ. ಜೊತೆಗೆ ಡಿಸಿಆರ್-150, ಎರಡು ಡಬ್ಬಿ ಜೆಲ್. ಉಳಿದ ದುಡ್ಡು ಟ್ರೈಪಾಡಿಗೆ. ದೀಪಾವಳಿಗೆ ನನ್ನ 50 ಎಂಎಂ ಕೊಡುತ್ತೇನೆ ಅಂದಿದ್ದೇನೆ. ಅಂಟಿಗೆ ಪಂಟಿಗೆಯವರು ಅವನ ಅಜ್ಜನ ಊರಿಗೆ ಯಾವ ರಾತ್ರಿ ಬರುತ್ತಾರೆ ಅಂತ ಈಗಲೇ ಕೇಳಿಟ್ಟುಕೊಂಡಿದ್ದಾನೆ.